ಶ್ರೀಗಂಧದ ತೈಲ, ಅತ್ತರು ಮತ್ತು ನಿದ್ದೆ: ನಮ್ಮ ನೆರೆಹೊರೆಯ ಒಂದು ಚರಿತ್ರೆ

ಶ್ರೀರಾಂಪುರದಲ್ಲಿ ಮೆಟ್ರೊ ಹತ್ತಿ ಪೀಣ್ಯದ ಕಡೆಗೆ ಹೊರಟವರಿಗೆ ಮಹಾಕವಿ ಕುವೆಂಪು ರಸ್ತೆ, ರಾಜಾಜಿನಗರ, ಮಹಾಲಕ್ಷ್ಮಿ ದಾಟಿದ ಮೇಲೆ ಸಿಗುವ ನಿಲ್ದಾಣದ ಹೆಸರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಮೆಜೆಸ್ಟಿಕ್ ಕಡೆಗೆ ಹೊರಟವರಿಗೆ ಮೊದಲು ಸಿಗುವುದು ಸಂಪಿಗೆ ರಸ್ತೆ. ಒಂದು ಬದಿಗೆ ಗಂಧ, ಇನ್ನೊಂದು ಬದಿಗೆ ಸಂಪಿಗೆ. 2014ರ ಮಾರ್ಚಿನಲ್ಲಿ ಈ ಮಾರ್ಗ ತೆರೆದಂದಿನಿಂದ ದಿನವೂ ಸಾವಿರಾರು ಜನ ಈ ಹೆಸರುಗಳನ್ನು ಕೇಳುತ್ತಾ ಓಡಾಡುತ್ತಾರೆ. ನಮ್ಮ ಬಡಾವಣೆಯ ಅಕ್ಕಪಕ್ಕದಲ್ಲೇ ಸುಗಂಧದ ಒಂದು ದೀರ್ಘ ಚರಿತ್ರೆ ಅಡಗಿದೆ ಎಂಬುದು ಮಾತ್ರ ಹೆಚ್ಚಿನವರ ಗಮನಕ್ಕೆ ಬಂದಿರಲಾರದು.

ಈ ಚರಿತ್ರೆಯನ್ನು ಈಗ ಕೆದಕಲು ಕಾರಣವಿದೆ. ಜುಮಾ ನಮಾಝಿನ ಬಳಿಕ ಮಸೀದಿಗಳ ಬಾಗಿಲಲ್ಲಿ ಅತ್ತರಿನ ಪೆಟ್ಟಿಗೆ ತೆರೆದು ಕೂರುವ ವ್ಯಾಪಾರಿಗಳನ್ನು ನಾವೆಲ್ಲರೂ ಬಲ್ಲೆವು. ಹಿಂದೆ ಅವರ ಸೀಸೆಗಳ ಮೇಲೆ ಮಜ್ಮುಆ, ಗುಲಾಬ್, ಖಸ್, ಸಂದಲ್ ಎಂಬ ಹೆಸರುಗಳಷ್ಟೇ ಇರುತ್ತಿದ್ದವು. ಈಗ ‘ನಿದ್ದೆಗೆ’, ‘ಟೆನ್ಶನ್‌ಗೆ’, ‘ಮನಶ್ಶಾಂತಿಗೆ’ ಎಂಬ ಚೀಟಿಗಳು ಅಂಟಿಕೊಂಡಿವೆ. ಕೆಲವದರ ಮೇಲೆ ‘ಸುನ್ನತ್ ಚಿಕಿತ್ಸೆ’ ಎಂಬ ಮಾತೂ ಇದೆ. ಸುಗಂಧ ಮಾರುವುದು ಗೌರವದ ಕಸುಬು, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಸವೆದುಹೋದ ಮನುಷ್ಯನೊಬ್ಬ ಆ ಚೀಟಿಯನ್ನು ನಂಬಿ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಿದರೆ ಹೊಣೆ ಯಾರದು? ಅದಕ್ಕೂ ಮಿಗಿಲಾಗಿ, ಪ್ರವಾದಿವರ್ಯರ(ಸ) ಹೆಸರಿನಲ್ಲಿ ಅವರು ಹೇಳದ ಮಾತನ್ನು ಮಾರಿದರೆ ಅದರ ಲೆಕ್ಕ ಯಾರು ಕೊಡಬೇಕು?

ಮೊದಲು ಹದೀಸ್‌ಗಳ ವಿಷಯವನ್ನೇ ನೋಡೋಣ. ಪ್ರವಾದಿ ಮುಹಮ್ಮದ್(ಸ)ರಿಗೆ ಸುಗಂಧ ಪ್ರಿಯವಾಗಿತ್ತು ಎಂಬುದಕ್ಕೆ ನಸಾಈಯವರ ಸಂಗ್ರಹದಲ್ಲಿ ಆಧಾರವಿದೆ. ಯಾರಾದರೂ ಸುಗಂಧ ಕೊಟ್ಟರೆ ಅವರು ನಿರಾಕರಿಸುತ್ತಿರಲಿಲ್ಲ ಎಂದು ಅನಸ್(ರ)ರ ವರದಿ ಸಹೀಹ್ ಬುಖಾರಿಯಲ್ಲಿದೆ. ಜುಮಾ ದಿನ ಸ್ನಾನ ಮಾಡಿ, ಎಣ್ಣೆ ಹಚ್ಚಿ, ಮನೆಯಲ್ಲಿದ್ದ ಸುಗಂಧ ಪೂಸಿಕೊಂಡು ಹೋಗುವ ಶ್ರೇಷ್ಠತೆಯನ್ನು ಸಲ್ಮಾನ್ ಫಾರಿಸೀ(ರ) ವರದಿ ಮಾಡಿದ್ದಾರೆ. ಇವೆಲ್ಲವೂ ಶುಚಿತ್ವಕ್ಕೆ, ಸಫ್ಫಿನಲ್ಲಿ ಪಕ್ಕ ನಿಂತವನ ಮೇಲಿನ ಮರ್ಯಾದೆಗೆ ಸಂಬಂಧಿಸಿದ ಮಾತುಗಳು. ಚಿಕಿತ್ಸೆಯ ವಿಷಯಕ್ಕೆ ಬಂದರೆ ‘ಊದ್ ಅಲ್ ಹಿಂದೀ’ಯ ಹದೀಸ್ ಇದೆ. ಅದನ್ನು ಹಿಡಿದು ಅಗರಿನ ಎಣ್ಣೆ ಮಾರುವವರೂ ಇದ್ದಾರೆ. ಆದರೆ ಆ ಹದೀಸಿನಲ್ಲಿರುವುದು ಕುಸ್ತ್, ಅಂದರೆ ಹಿಮಾಲಯದ ಕೋಷ್ಠದ ಬೇರು. ಹೇಳಿರುವುದು ಮಕ್ಕಳ ಗಂಟಲ ಬೇನೆ ಮತ್ತು ಪಕ್ಕೆನೋವಿನ ವಿಷಯ. ಅಗರೂ ಅಲ್ಲ, ನಿದ್ದೆಯೂ ಅಲ್ಲ.

ಹಾಗಾದರೆ ಸುಗಂಧಕ್ಕೂ ಮನಸ್ಸಿಗೂ ನಂಟು ಕಲ್ಪಿಸಿದವರು ಯಾರು? ನಮ್ಮ ವಿದ್ವಾಂಸರೇ. ಅದನ್ನು ಅವರು ಹದೀಸಿನ ಹೆಸರಿನಲ್ಲಿ ಹೇಳಲಿಲ್ಲ, ವೈದ್ಯಶಾಸ್ತ್ರದ ಹೆಸರಿನಲ್ಲಿ ಹೇಳಿದರು ಎಂಬುದು ಮುಖ್ಯ. ಇಬ್ನು ಸೀನಾ (980-1037) ಹೃದಯದ ಔಷಧಗಳ ಮೇಲೆಯೇ ಒಂದು ಪ್ರತ್ಯೇಕ ಗ್ರಂಥ ಬರೆದರು. ದುಃಖ, ಭಯ, ಉಲ್ಲಾಸಗಳು ಶರೀರದಲ್ಲಿ ಹೇಗೆ ಸಂಭವಿಸುತ್ತವೆ ಎಂದು ಅಲ್ಲಿ ಚರ್ಚಿಸಿ, ಮನಸ್ಸನ್ನು ಹಗುರ ಮಾಡುವ ದ್ರವ್ಯಗಳನ್ನು ವಿವರಿಸಿದರು. ಸುಗಂಧದ್ರವ್ಯಗಳಿಗೆ ಅಲ್ಲಿ ದೊಡ್ಡ ಸ್ಥಾನವಿದೆ. ಮೂರು ಶತಮಾನಗಳ ನಂತರ ಇಬ್ನುಲ್ ಖಯ್ಯಿಮ್ (1292-1350) ತಮ್ಮ ತಿಬ್ಬುನ್ನಬವೀ ಬರಹದಲ್ಲಿ ಸುಗಂಧವನ್ನು ರೂಹಿನ ಆಹಾರವೆಂಬ ಅರ್ಥದಲ್ಲಿ ಬಣ್ಣಿಸಿದರು. ಇದು ಅವರ ವಿವೇಚನೆ. ಅದನ್ನು ಅವರ ಮಾತಾಗಿಯೇ ಉಳಿಸಬೇಕು.

ಇಲ್ಲಿ ಇನ್ನೊಂದು ಜನಪ್ರಿಯ ಮಾತನ್ನೂ ತಿದ್ದಬೇಕಿದೆ. ಹೂವಿನಿಂದ ಆವಿಯ ಮೂಲಕ ಸಾರ ಇಳಿಸುವ ವಿದ್ಯೆಯನ್ನು ಇಬ್ನು ಸೀನಾ ಕಂಡುಹಿಡಿದರು ಎಂದು ನಮ್ಮ ಭಾಷಣಗಳಲ್ಲಿ ಅಭಿಮಾನದಿಂದ ಹೇಳಲಾಗುತ್ತದೆ. ಆದರೆ ಅವರು ಹುಟ್ಟುವುದಕ್ಕೆ ನೂರು ವರ್ಷಗಳ ಮೊದಲೇ ತೀರಿಕೊಂಡ ಅಲ್ ಕಿಂದೀ, ಅತ್ತರಿನ ರಸವಿದ್ಯೆ ಮತ್ತು ಬಟ್ಟಿ ಇಳಿಸುವಿಕೆಯ ಕುರಿತ ತಮ್ಮ ಗ್ರಂಥದಲ್ಲಿ ನೂರಕ್ಕೂ ಹೆಚ್ಚು ವಿಧಾನಗಳನ್ನು ಬರೆದಿಟ್ಟಿದ್ದರು. ಹಿರಿಮೆ ಒಬ್ಬರದಲ್ಲ, ತಲೆಮಾರುಗಳದು ಎಂದರೆ ನಮ್ಮ ಪರಂಪರೆಯ ಘನತೆ ಕಡಿಮೆಯಾಗುವುದಿಲ್ಲ.

ಕನ್ನಡ ನಾಡು ಈ ವಿದ್ಯೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮಳೆ, ಬಾವಿ, ಕೃಷಿ, ಅಡುಗೆಗಳ ಜೊತೆಗೆ ಸುಗಂಧ ತಯಾರಿಕೆಗೂ ಜಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಗಂಧ ಲೇಪನವನ್ನು ರಾಜನ ಭೋಗಗಳಲ್ಲಿ ಒಂದಾಗಿ ಎಣಿಸುತ್ತದೆ. ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಂ ಆದಿಲ್ ಶಾಹನ (ಆಳ್ವಿಕೆ 1580-1627) ಕಾಲದಲ್ಲಿ ‘ಇತ್ರ್-ಎ-ನವ್ರಸ್‌ಶಾಹೀ’ ಎಂಬ ಫಾರಸಿ ಕೈಪಿಡಿಯೇ ರಚಿತವಾಯಿತು. ಸುಗಂಧಗಳನ್ನು ಮಾಡುವ, ಬಳಸುವ ಬಗೆ ಅದರ ವಸ್ತು. ಕನ್ನಡ ನೆಲದಲ್ಲಿ ಕನ್ನಡ, ಸಂಸ್ಕೃತ, ಫಾರಸಿ ಮೂರರಲ್ಲೂ ಒಂದೇ ವಿದ್ಯೆಯ ಪುಸ್ತಕಗಳು! ಪದಗಳೂ ಹಾಗೆಯೇ ಅತ್ತಿತ್ತ ಓಡಾಡಿವೆ. ನಮ್ಮ ‘ಚಂದನ’ ಅರಬರ ಬಾಯಲ್ಲಿ ‘ಸಂದಲ್’ ಆಯಿತು. ಅವರ ‘ಇತ್ರ್’ ನಮ್ಮ ಬಾಯಲ್ಲಿ ಅತ್ತರಾಯಿತು. ಅವರ ‘ಊದ್’ ನಮ್ಮ ಮನೆಗಳ ಊದುಬತ್ತಿಯಲ್ಲಿ ಇಂದಿಗೂ ಉರಿಯುತ್ತಿದೆ.

ಈಗ ಗಂಧದ ಮರಕ್ಕೆ ಬರೋಣ. ಟಿಪ್ಪು ಸುಲ್ತಾನರು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದರು. ಅಂದಿನಿಂದ ಅದು ಯಾರ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ ಸೊತ್ತು ಎಂಬ ಪದ್ಧತಿ ನಡೆದುಬಂತು. ಒಡೆಯರ ಕಾಲದಲ್ಲೂ, ಸ್ವಾತಂತ್ರ್ಯದ ಬಳಿಕವೂ ಅದು ಮುಂದುವರಿಯಿತು. 2001ರ ಕಾನೂನು ತಿದ್ದುಪಡಿಯ ನಂತರವಷ್ಟೇ ಜಮೀನಿನ ಒಡೆಯನಿಗೆ ತನ್ನ ನೆಲದ ಗಂಧದ ಮರದ ಮೇಲೆ ಹಕ್ಕು ದೊರೆಯಿತು. ಈ ಮರದ ಸ್ವಭಾವವೂ ವಿಚಿತ್ರ. ಅದು ಅರೆಪರಾವಲಂಬಿ, ನೆರೆಯ ಗಿಡಗಳ ಬೇರಿಗೆ ತನ್ನ ಬೇರು ಚುಚ್ಚಿ ಪೋಷಣೆ ಪಡೆಯುತ್ತದೆ. ಪರಿಮಳವಿರುವುದು ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ ಮಾತ್ರ. ಅದು ಕೂಡಿಬರಲು ವರ್ಷಗಟ್ಟಲೆ ಕಾಯಬೇಕು. ಹೊರಗಿನ ಬಿಳಿಮರಕ್ಕೆ ವಾಸನೆಯೇ ಇಲ್ಲ.

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಮೈಸೂರು ಸಂಸ್ಥಾನ ಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವು ಹಡಗೇರಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ಆ ದಾರಿ ಮುಚ್ಚಿತು. ಮರ ಉಳಿಯಿತು, ಕೊಳ್ಳುವವರು ಇಲ್ಲವಾದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಕೈಗಾರಿಕೆಗಳ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಅವರು ಮರವನ್ನು ಇಲ್ಲಿಯೇ ಎಣ್ಣೆಯಾಗಿಸುವ ಆಲೋಚನೆಯನ್ನು ಮುಂದಿಟ್ಟರು. ಮಲ್ಲೇಶ್ವರದ ಆಚೆಗಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್, ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಬಟ್ಟಿ ಇಳಿಸುವ ಕ್ರಮವನ್ನು ರೂಪಿಸಿದರು. 1916ರ ಹೊತ್ತಿಗೆ ಎಣ್ಣೆ ಹರಿಯತೊಡಗಿತು. ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಸ್ಥಾಪನೆಯಾಯಿತು. 1918ರಲ್ಲಿ ಅದೇ ಎಣ್ಣೆಯಿಂದ ಬೆಂಗಳೂರಿನಲ್ಲಿ ಸೋಪು ತಯಾರಾಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿಗಳ ಕೈಚಳಕ ಅದು. 1957ರಲ್ಲಿ ಆ ಸೋಪಿನ ಕಾರ್ಖಾನೆ ರಾಜಾಜಿನಗರಕ್ಕೆ, ಅಂದರೆ ನಮ್ಮ ನೆರೆಗೆ, ಸ್ಥಳಾಂತರಗೊಂಡಿತು. 1980ರಲ್ಲಿ ಮೈಸೂರು, ಶಿವಮೊಗ್ಗಗಳ ಎಣ್ಣೆ ಕಾರ್ಖಾನೆಗಳೂ ಸೇರಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಒಂದೇ ಸಂಸ್ಥೆಯಾಯಿತು.

ಗಂಧದ ಎಣ್ಣೆಗೆ ಆಗ ಜಗತ್ತಿನಲ್ಲಿ ಅಷ್ಟು ಬೇಡಿಕೆ ಇದ್ದುದೇಕೆ ಎಂಬ ಪ್ರಶ್ನೆ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಸುಗಂಧ ಒಂದು ಕಾರಣ. ಇನ್ನೊಂದು ಕಾರಣ ಔಷಧ. ಬ್ರಿಟಿಷ್ ಔಷಧಕೋಶದಲ್ಲಿ ಈ ಎಣ್ಣೆಗೆ ಸ್ಥಾನವಿತ್ತು. ಮೂತ್ರನಾಳದ ಸೋಂಕಿಗೆ ವೈದ್ಯರು ಅದನ್ನು ಒಳಗೆ ಕೊಡುತ್ತಿದ್ದರು. 1930ರ ದಶಕದಲ್ಲಿ ಸಲ್ಫಾ, ಮುಂದಿನ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಆ ಉಪಯೋಗ ಬಿದ್ದುಹೋಯಿತು. ನಿದ್ದೆ, ಒತ್ತಡಗಳ ಮಾತು ಆಗಿನ ವ್ಯಾಪಾರದಲ್ಲಿ ಇರಲಿಲ್ಲ. ಸಾರತೈಲಗಳ ಚಿಕಿತ್ಸೆಗೆ ‘ಅರೋಮಾಥೆರಪಿ’ ಎಂಬ ಹೆಸರು ಕೊಟ್ಟವರು ಫ್ರಾನ್ಸಿನ ಸುಗಂಧ ರಸಾಯನತಜ್ಞ ರೆನೆ ಮೊರಿಸ್ ಗಾಟೆಫೊಸೆ; ಅವರ ಪುಸ್ತಕ ಹೊರಬಂದುದು 1937ರಲ್ಲಿ. ಇಂದು ಸೀಸೆಯ ಮೇಲೆ ‘ಪುರಾತನ’ ಎಂದು ಅಚ್ಚಾಗುವ ಹಲವು ಮಾತುಗಳ ವಯಸ್ಸು ನಮ್ಮ ಅಜ್ಜಂದಿರ ವಯಸ್ಸಿಗಿಂತ ಹೆಚ್ಚಿಲ್ಲ.

ಹಾಗೆಂದು ಹಕೀಮರ ಬಳಕೆಯನ್ನು ಮರೆಯುವಂತಿಲ್ಲ. ಯೂನಾನಿಯಲ್ಲಿ ಗಂಧ ಶೀತ ಗುಣದ್ದು. ತಲೆನೋವಿಗೆ, ಜ್ವರದ ತಾಪಕ್ಕೆ ಗಂಧವನ್ನು ಗುಲಾಬಿ ನೀರಿನಲ್ಲಿ ತೇಯ್ದು ಹಣೆಗೆ ಹಚ್ಚುವುದು ಬಹು ಹಳೆಯ ರೂಢಿ. ನಿದ್ರಾಹೀನತೆಗೆ ಅವರು ‘ಸಹರ್’ ಎನ್ನುತ್ತಾರೆ. ಅದಕ್ಕೆ ನೇರಳೆ ಬಣ್ಣದ ಬನಫ್‌ಶಾ ಹೂವಿನ ಎಣ್ಣೆ, ಕುಂಬಳ ಬೀಜದ ಎಣ್ಣೆ, ಏಳು ಬೀಜಗಳ ‘ರೋಗನ್ ಲುಬೂಬ್ ಸಬಆ’ ಇವುಗಳನ್ನು ತಲೆಗೆ ತಿಕ್ಕುತ್ತಾರೆ. ಮೂಸಿಸುವ ಚಿಕಿತ್ಸೆಯೂ ಇದೆ, ಅದಕ್ಕೆ ಶಮೂಮ್ ಎಂದು ಹೆಸರು. ಆದರೆ ಹಕೀಮರು ಮೊದಲು ಕೇಳುವುದು ನಿದ್ದೆ ಯಾಕೆ ಕೆಟ್ಟಿದೆ ಎಂಬುದನ್ನು: ಊಟವೇ, ಚಿಂತೆಯೇ, ನೋವೇ, ಜ್ವರವೇ? ಸೀಸೆಯ ಚೀಟಿ ಈ ಪ್ರಶ್ನೆ ಕೇಳುವುದಿಲ್ಲ.

ಇಂದಿನ ವಿಜ್ಞಾನ ಏನು ಹೇಳುತ್ತದೆ? ವಾಸನೆಯನ್ನು ನಾವು ಗ್ರಹಿಸುವ ಬಗೆಯನ್ನು ತೋರಿಸಿಕೊಟ್ಟ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕಣ್ಣು, ಕಿವಿಗಳ ಸುದ್ದಿ ಮಿದುಳಿನ ನಡುವಣ ಒಂದು ಕೇಂದ್ರದ ಮೂಲಕ ಮುಂದಕ್ಕೆ ಹೋದರೆ, ಮೂಗಿನ ಸುದ್ದಿ ಅಲ್ಲಿ ತಂಗದೆ ಭಾವನೆ ಮತ್ತು ನೆನಪಿನ ಭಾಗಗಳನ್ನು ಬಹುಬೇಗ ತಲುಪುತ್ತದೆ. ಮಲ್ಲಿಗೆಯ ಒಂದು ಎಳೆ ವಾಸನೆಗೆ ತೀರಿಹೋದ ತಾಯಿ ಕಣ್ಮುಂದೆ ಬರುವುದು ಇದರಿಂದಲೇ. ಆದ್ದರಿಂದ ವಾಸನೆ ಮನಸ್ಸನ್ನು ಅಲುಗಿಸುತ್ತದೆ ಎಂಬಲ್ಲಿ ಅನುಮಾನವಿಲ್ಲ. ಯಾವ ಕಡೆಗೆ ಅಲುಗಿಸುತ್ತದೆ ಎಂಬುದೇ ಪ್ರಶ್ನೆ.

ಗಂಧದ ಎಣ್ಣೆಯ ಮಟ್ಟಿಗೆ ಉತ್ತರ ಸ್ವಾರಸ್ಯಕರವಾಗಿದೆ. ಅದರ ಮುಖ್ಯ ಅಂಶ ಆಲ್ಫಾ ಸಾಂಟಲಾಲ್. ವಿಯೆನ್ನಾದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂಗಿಗೆ ವಾಸನೆ ಹೋಗದಂತೆ ತಡೆದು ಚರ್ಮಕ್ಕೆ ಮಾತ್ರ ಹಚ್ಚಿದರು. ಆಲ್ಫಾ ಸಾಂಟಲಾಲ್ ಹಚ್ಚಿಸಿಕೊಂಡವರ ಶರೀರ ಸಡಿಲಗೊಂಡ ಲಕ್ಷಣ ತೋರಿತು. ಅದೇ ತಂಡ 2006ರಲ್ಲಿ ಮೂಸಿಸಿ ನೋಡಿದಾಗ ಫಲ ತಿರುವುಮುರುವಾಯಿತು: ಎಚ್ಚರ ಹೆಚ್ಚಿತು! 2007ರಲ್ಲಿ ಜಪಾನಿನಲ್ಲಿ ನಿದ್ದೆಗೆಡಿಸಿದ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸಾಂಟಲಾಲ್ ನಿದ್ದೆಯನ್ನು ಹೆಚ್ಚಿಸಿತು. ವಾಸನೆ ತಿಳಿಯದಂತೆ ಮಾಡಿದ ಇಲಿಗಳಲ್ಲೂ ಹಾಗೆಯೇ ಆಯಿತು. ಅಂದರೆ ಕೆಲಸ ಮಾಡಿದ್ದು ಮೂಗಿನ ದಾರಿಯಲ್ಲ, ರಕ್ತದ ದಾರಿ ಎಂದು ಅವರು ಊಹಿಸಿದರು. ಹಣೆಗೆ ತೇಯ್ದು ಹಚ್ಚುತ್ತಿದ್ದ ಹಕೀಮರಿಗೆ ಇದನ್ನು ಹೇಳಿದ್ದರೆ ಅವರು ಮುಗುಳ್ನಗುತ್ತಿದ್ದರೇನೊ. ಆದರೆ ಇವು ಸಣ್ಣ ಪ್ರಯೋಗಗಳು, ಒಂದು ಇಲಿಗಳ ಮೇಲಿನದು. ಲ್ಯಾವೆಂಡರಿನ ಮೇಲೆ ಇನ್ನೂ ಹೆಚ್ಚು ಅಧ್ಯಯನಗಳಾಗಿವೆ, ಹಲವದರಲ್ಲಿ ನಿದ್ದೆ ತುಸು ಸುಧಾರಿಸಿದೆ. ಅಲ್ಲಿರುವ ತೊಡಕೆಂದರೆ, ಮಾತ್ರೆಯನ್ನು ಮರೆಮಾಚಿ ಕೊಡಬಹುದು, ಪರಿಮಳವನ್ನು ಮರೆಮಾಚುವುದು ಹೇಗೆ? ತನಗೆ ಸಿಕ್ಕಿದ್ದು ಲ್ಯಾವೆಂಡರ್ ಎಂದು ಮೂಗಿಗೆ ಗೊತ್ತಾಗುತ್ತದೆ, ನಿದ್ದೆ ಬರುತ್ತದೆಂಬ ನಿರೀಕ್ಷೆಯೂ ಜೊತೆಗೆ ಬರುತ್ತದೆ.

ಇನ್ನೊಂದು ತೊಡಕು ಮಾಲಿನದು. ಕನೌಜಿನ ಹಳೆಯ ಪದ್ಧತಿಯಲ್ಲಿ ತಾಮ್ರದ ಡೇಗಿನಲ್ಲಿ ಹೂ ಬೇಯಿಸಿ, ಬಿದಿರ ಕೊಳವೆಯಲ್ಲಿ ಆವಿ ಹಾಯಿಸಿ, ಭಪ್ಕಾ ಎಂಬ ಪಾತ್ರೆಯಲ್ಲಿಟ್ಟ ಗಂಧದ ಎಣ್ಣೆಗೆ ಆ ಪರಿಮಳ ಹಿಡಿಸುತ್ತಿದ್ದರು. ಹೀಗೆ ದಕ್ಷಿಣದ ಗಂಧವೇ ಉತ್ತರದ ಅತ್ತರುಗಳಿಗೆ ಆಧಾರವಾಗಿತ್ತು. ಗಂಧ ದುಬಾರಿಯಾದ ಮೇಲೆ ಆ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂತು. ಪರಿಮಳ ಹಲವೆಡೆ ಕೃತಕ ರಾಸಾಯನಿಕದ್ದಾಯಿತು. ಅಗ್ಗದ ಸೀಸೆಯ ‘ಸಂದಲ್’ನಲ್ಲಿ ಸಾಂಟಲಾಲ್ ಇಲ್ಲದಿದ್ದರೆ ವಿಯೆನ್ನಾದ ಪ್ರಯೋಗ ಅದಕ್ಕೆ ಅನ್ವಯಿಸುವುದಾದರೂ ಹೇಗೆ? ಮೈಗೆ ಪೂಸಿಕೊಳ್ಳಲು ಅದು ಸಾಕು, ನಾವೂ ಪೂಸಿಕೊಳ್ಳುತ್ತೇವೆ. ಔಷಧವೆಂದು ಮಾರಬಾರದು ಅಷ್ಟೆ. ಸಾರತೈಲಗಳನ್ನು ಕುಡಿಯಬಾರದು. ಕರ್ಪೂರದ ಎಣ್ಣೆಯಂತೂ ಸ್ವಲ್ಪವೇ ಹೊಟ್ಟೆಗೆ ಹೋದರೂ ಮಕ್ಕಳಿಗೆ ಅಪಸ್ಮಾರ ಬರಿಸಬಲ್ಲದು.

ಹೊಗೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಗುರುವಾರ ಸಂಜೆ ಲೋಬಾನ ಹಾಕುವ ಮನೆಗಳು ನಮ್ಮಲ್ಲಿ ಬಹಳ. ‘ಲುಬಾನ್’ ಎಂದರೆ ಅರಬಿಯಲ್ಲಿ ಅರೇಬಿಯಾದ ಧೂಪದ ಅಂಟು. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಪೂರ್ವ ದ್ವೀಪಗಳ ಬೇರೊಂದು ಮರದ ಅಂಟು. ಅದನ್ನು ಅರಬರು ‘ಲುಬಾನ್ ಜಾವೀ’ ಎಂದರು. ಅದೇ ಯುರೋಪಿನಲ್ಲಿ ‘ಬೆಂಜೊಯಿನ್’ ಆಯಿತು, ರಸಾಯನಶಾಸ್ತ್ರದ ‘ಬೆಂಜೀನ್’ ಎಂಬ ಹೆಸರೂ ಅಲ್ಲಿಂದಲೇ ಹುಟ್ಟಿತು. ಹೆಸರು ಏನೇ ಇರಲಿ, ಎಣ್ಣೆಯ ಪರಿಮಳ ಬೇರೆ, ಕೆಂಡದ ಹೊಗೆ ಬೇರೆ. ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಊದುಬತ್ತಿ ಹಚ್ಚಿ ಆರು ಜನ ಮಲಗಿದರೆ ರಾತ್ರಿಯಿಡೀ ಸೂಕ್ಷ್ಮ ಕಣಗಳು ಎದೆಗೆ ಇಳಿಯುತ್ತವೆ. ಉಬ್ಬಸವಿರುವ ಮಕ್ಕಳ ನಿದ್ದೆ ಇದರಿಂದಲೇ ಕೆಡಬಹುದು.

ಇಲ್ಲಿ ನಿಜವಾಗಿಯೂ ಸುನ್ನತ್ತಿನ ಒಂದು ಮಾತು ಇದೆ, ಅದನ್ನು ಯಾರೂ ಚೀಟಿಯ ಮೇಲೆ ಅಚ್ಚು ಹಾಕಿಸಿಲ್ಲ. ಮಲಗುವ ಮುನ್ನ ದೀಪಗಳನ್ನು ಆರಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಇಲಿಯು ಬತ್ತಿಯನ್ನು ಎಳೆದೊಯ್ದು ಮನೆಯವರನ್ನು ಸುಟ್ಟೀತು ಎಂಬ ಕಾರಣವನ್ನೂ ಕೊಟ್ಟರು. ಜಾಬಿರ್(ರ)ರ ಈ ವರದಿ ಬುಖಾರಿಯಲ್ಲಿದೆ. ಊದುಬತ್ತಿಯ ತುದಿಯೂ ಲೋಬಾನದ ಕೆಂಡವೂ ದೀಪದ ಸಾಲಿಗೇ ಸೇರುತ್ತವೆ. 2004ರಲ್ಲಿ ಅಮೆರಿಕದ ಮೇರಿ ಕಾರ್ಸ್ಕಾಡನ್ ಮತ್ತು ರೇಚಲ್ ಹರ್ಜ್ ಪ್ರಕಟಿಸಿದ ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಗಾಢ ನಿದ್ದೆಯಲ್ಲಿದ್ದವರ ಮೂಗಿಗೆ ತೀಕ್ಷ್ಣ ವಾಸನೆ ಹಿಡಿದರೂ ಅವರು ಏಳಲಿಲ್ಲ; ಶಬ್ದಕ್ಕೆ ಎದ್ದರು. ಅಂದರೆ ಹಾಸಿಗೆ ಹೊಗೆಯಾಡತೊಡಗಿದರೆ ವಾಸನೆ ನಮ್ಮನ್ನು ಎಬ್ಬಿಸುತ್ತದೆಂದು ನೆಚ್ಚುವಂತಿಲ್ಲ. ಓಣಿಗೆ ಓಣಿ ಅಂಟಿಕೊಂಡಿರುವ ಶ್ರೀರಾಂಪುರದಂಥ ಕಡೆ ಈ ಮಾತು ಒಂದು ಮನೆಯದಷ್ಟೇ ಅಲ್ಲ.

ಮತ್ತೆ ನಿದ್ದೆಯ ಮೂಲ ಪ್ರಶ್ನೆ. ಈ ಭಾಗದ ಜನ ನಿದ್ದೆಗೆಟ್ಟದ್ದು ಇಂದು ನಿನ್ನೆಯಲ್ಲ. ಬಿನ್ನಿ, ಮಿನರ್ವಾ, ರಾಜಾ ಮಿಲ್ಲುಗಳ ಪಾಳಿಗಳಲ್ಲಿ ದುಡಿದ ತಲೆಮಾರು ಹಗಲನ್ನು ರಾತ್ರಿ ಮಾಡಿಕೊಂಡೇ ಬದುಕಿತು. ಮಿಲ್ಲುಗಳು ಹೋದವು, ರಾತ್ರಿ ಆಟೊ ಓಡಿಸುವವರು, ಕಾವಲು ಕಾಯುವವರು, ಮನೆಮನೆಗೆ ಊಟ ತಲುಪಿಸುವ ಹುಡುಗರು ಬಂದರು. ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವ ಹೆಂಗಸರ ಬೆನ್ನುನೋವೂ ನಿದ್ದೆಯ ಶತ್ರುವೇ. ಬಾಡಿಗೆಯ, ಸಾಲದ ಚಿಂತೆ ಬೇರೆ. ಪರಿಮಳದಿಂದ ಇವು ಯಾವುದೂ ತೀರುವುದಿಲ್ಲ. ಆದರೆ ಇಶಾ ನಮಾಝ್ ಮುಗಿಸಿ, ಮೊಬೈಲ್ ಬದಿಗಿಟ್ಟು, ವುಝೂ ಮಾಡಿ, ಒಂದು ಹನಿ ಅತ್ತರನ್ನು ಮಣಿಕಟ್ಟಿಗೆ ಹಚ್ಚಿಕೊಂಡು ಬಲಮಗ್ಗುಲಿಗೆ ಒರಗುವುದನ್ನು ದಿನವೂ ಒಂದೇ ಹೊತ್ತಿಗೆ ಮಾಡಿದರೆ ಆ ವಾಸನೆಯೇ ದೇಹಕ್ಕೆ ದಿನ ಮುಗಿಯಿತೆಂಬ ಗುರುತಾಗಬಹುದು. ಇಷ್ಟನ್ನು ನಾವು ಧೈರ್ಯದಿಂದ ಹೇಳಬಲ್ಲೆವು, ಇದಕ್ಕೆ ದುಬಾರಿ ಸೀಸೆಯೂ ಬೇಕಿಲ್ಲ.

ವಾರದಲ್ಲಿ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಪರಿಗಣಿಸುತ್ತಾರೆ. ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದು, ಬದುಕು ಬೇಡವೆನಿಸುವುದು ಇವಿದ್ದರೆ ಮೂರು ತಿಂಗಳು ಕಾಯುವುದೂ ಬೇಡ. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ಅಲ್ಲಿಗೆ ಹೋದವರೆಲ್ಲ ಹುಚ್ಚರೆಂಬ ಹಳೆಯ ಮಾತನ್ನು ಇನ್ನಾದರೂ ನಮ್ಮ ಮೊಹಲ್ಲಾಗಳು ಬಿಡಬೇಕು. ಹಕೀಮರ ಪದ್ಧತಿಯ ಮೇಲೆ ವಿಶ್ವಾಸವಿರುವವರಿಗೆ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಿದೆ. ಎಣ್ಣೆ ತಿಕ್ಕುವ ಮೊದಲು ಕಾರಣ ಕೇಳುವವರು ಅಲ್ಲಿದ್ದಾರೆ.